ಅಕ್ಕ ಕಾಲೊರೆಸಿದ ಕಾರ್ಪೆಟ್

ನಮ್ಮ ಮನೆಯ ಹೊಸ ಕಾರ್ಪೆಟ್ ಮೇಲೆ ಅಕ್ಕ ಕಾಲೊರೆಸಿದಳು.

ಅಪ್ಪಿತಪ್ಪಿ ಅಲ್ಲ. ಶಿಸ್ತಾಗಿ, ಮೊದಲು ಹಿಮ್ಮಡಿ, ಆಮೇಲೆ ಬೆರಳ ಸಂದಿ. ಗಬ್ಬೂರಿನಿಂದ ರಾಯಚೂರಿಗೆ ದೇವದುರ್ಗದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳು. ಹೊರಗಿನ ನಳದಲ್ಲಿ ಕಾಲು ತೊಳೆದು, ಒಳಗೆ ಬಂದು, ನಾನು ವಾರಗಟ್ಟಲೆ ಹುಡುಕಿ ತಂದ ಕಾರ್ಪೆಟ್ಟಿನ ನಟ್ಟನಡುವಿನ ಹೂವಿನ ಮೇಲೆ ನಿಂತು ಕಾಲು ಒಣಗಿಸಿಕೊಂಡಳು. ಆಮೇಲೆ ಸುತ್ತ ನೋಡಿ ಕೇಳಿದಳು:

"ಇಷ್ಟು ದೊಡ್ಡ ಕಾಲೊರಸು ಯಾಕ ಬೇಕಾಗಿತ್ತು ಬೇ ನಿನಗ? ಊರ ಮಂದಿ ಎಲ್ಲಾ ಒಮ್ಮೆಲೆ ಬರ್ತಾರೇನು?"

ನನ್ನ ಗಂಡ ನೀರು ತರುವ ನೆಪ ಮಾಡಿ ಅಡುಗೆಮನೆಗೆ ಓಡಿದರು. ಅಲ್ಲಿಂದ ಬಂದದ್ದು ನೀರಿನ ಸದ್ದಲ್ಲ, ನಗು.

ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ಕಾರ್ಪೆಟ್ ತಂದದ್ದೇ ಅಕ್ಕನಿಗಾಗಿ.

ಅವ್ವ ಬೇಗ ಹೋದಳು. ನನ್ನ ತಲೆ ಬಾಚಿದವಳು, ಶಾಲೆಗೆ ಕಳಿಸಿದವಳು, ಮದುವೆಯಲ್ಲಿ ಉಡಿ ತುಂಬಿ ಕಳಿಸಿದವಳು ಎಲ್ಲ ಅಕ್ಕನೇ. ಅಂಥವಳು ನಮ್ಮ ರಾಯಚೂರಿನ ಮನೆಯ ಗೃಹಪ್ರವೇಶಕ್ಕೆ ಬಂದು, ಊಟ ಮಾಡಿ, ಅಂದೇ ಸಂಜೆ ಬಸ್ಸು ಹತ್ತಿದ್ದಳು. "ಮನಿ ಭಾಳ ಛಲೋ ಅದ ತಂಗಿ. ಆದ್ರ ಕುಂದ್ರಾಕ ಜಾಗಾನ ಇಲ್ಲ" ಅಂದಿದ್ದಳು. ಹಾಲ್ ತುಂಬ ಸೋಫಾ, ಪಕ್ಕದಲ್ಲಿ ಡೈನಿಂಗ್ ಟೇಬಲ್, ಉಳಿದದ್ದು ಜಾರುವ ಟೈಲ್ಸ್. ನೆಲಕ್ಕೆ ಕುಳಿತು, ಗೋಡೆಗೆ ಒರಗಿ, ಕಾಲು ಚಾಚಿ ಮಾತಾಡುವವಳು ಎಲ್ಲಿ ಕೂರಬೇಕು? ಅಂದಿನಿಂದ ಎಷ್ಟು ಸಲ ಕರೆದರೂ ಒಂದೇ ಉತ್ತರ: "ಬರ್ತೀನಿ ತಗೋ." (ನಮ್ಮ ಕಡೆ ಇದರ ಅರ್ಥ, ಬರುವುದಿಲ್ಲ.)

ಹಾಗಾಗಿ ಕಾರ್ಪೆಟ್ ತರುವುದೆಂದು ನಿರ್ಧಾರವಾಯಿತು. ಅಕ್ಕ ಬರಬೇಕು, ನೆಲಕ್ಕೆ ಕೂರಬೇಕು, ನಾಲ್ಕು ದಿನ ಇರಬೇಕು. ಇಷ್ಟೇ ನನ್ನ ಆಸೆ.

ಕಾರ್ಪೆಟ್ ಆರಿಸುವುದು ವರ ಹುಡುಕಿದಷ್ಟೇ ಕಷ್ಟವೆಂದು ಆಗಲೇ ತಿಳಿದದ್ದು. ಮೊಬೈಲ್ ತೆರೆದರೆ ಒಬ್ಬ ಮೇಡಂ ಹೇಳುತ್ತಾರೆ, ಗೋಡೆಯ ಕಲರಿಗೆ ಮ್ಯಾಚ್ ಆಗಬೇಕು. ಇನ್ನೊಬ್ಬರು, ಮ್ಯಾಚ್ ಆಗಲೇಬಾರದು. ಸೋಫಾದ ಮುಂದಿನ ಕಾಲು ಕಾರ್ಪೆಟ್ ಮೇಲಿರಬೇಕು, ಹಿಂದಿನ ಕಾಲು ಹೊರಗಿರಬೇಕಂತೆ. (ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಈಗ ಸೋಫಾಕ್ಕೂ ಅನ್ವಯ!) ಮಾನ್ವಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ಪೋತ್ನಾಳದಿಂದ ಬರುವ ಸಹೋದ್ಯೋಗಿಯೊಬ್ಬರು, "ಮಣ್ಣಿನ ಕಲರ್ ತಗೋರಿ ಟೀಚರ್, ಹೊಲಸಾದ್ರೂ ಗೊತ್ತಾಗಂಗಿಲ್ಲ" ಎಂದರು. ನಾನು ಕೇಳಿದ ಸಲಹೆಗಳಲ್ಲೆಲ್ಲ ಪ್ರಾಮಾಣಿಕವಾದದ್ದು ಅದೊಂದೇ.

ಉಣ್ಣೆಯಂತಿರುವ ದಪ್ಪ ಕಾರ್ಪೆಟ್ ನೋಡಿದೆ. ಕೈಯಿಟ್ಟರೆ ಹಾಯೆನಿಸಿತು. ಆದರೆ ರಾಯಚೂರಿನಲ್ಲಿ ಇರುವುದು ಎರಡೇ ಕಾಲ, ಬಿಸಿಲು ಮತ್ತು ಜಾಸ್ತಿ ಬಿಸಿಲು. ಮೇ ತಿಂಗಳಲ್ಲಿ ಅದರ ಮೇಲೆ ಯಾರು ಕೂರುತ್ತಾರೆ?

ಕೊನೆಗೆ ಬಜಾರಿನ ಅಂಗಡಿಯ ಚಾಚಾ ತೆಳ್ಳನೆಯ ಮೆರೂನ್ ಕಾರ್ಪೆಟ್ ಒಂದನ್ನು ನಮ್ಮ ಮುಂದೆ ಬಿಚ್ಚಿದರು. "ಚಪ್ಪಲ್ ತಗದು ಕಾಲಿಟ್ಟು ನೋಡ್ರಿ ಅಕ್ಕಾರ. ಕಾಲಿಗೆ ಹೆಂಗ್ ಮೆತ್ತಗ ಅನಸ್ತದ ಹೇಳ್ರಿ!" ಅಂದರು. ನಾನು ಕಾಲಿಟ್ಟೆ, ನನ್ನ ಗಂಡ ಕಾಲಿಟ್ಟರು, ತಲೆಯಾಡಿಸಿದೆವು, ತಂದೆವು. ಕೂತು ನೋಡಬೇಕೆಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಇಷ್ಟೆಲ್ಲ ಆದಮೇಲೆ ಅಕ್ಕ ಬಂದಳು. ಬಂದು ಕಾಲೊರೆಸಿದಳು.

"ಅಕ್ಕಾ, ಅದು ಕುಂದ್ರಾಕ ತಂದದ್ದು. ನಿನ್ನ ಸಲುವಾಗೇ" ಎಂದೆ.

"ಎಲ್ಲಾರೂ ತುಳಿದಾಡೋದರ ಮ್ಯಾಲ ನನ್ನ ಕುಂದ್ರು ಅಂತೀ?"

ತಮಾಷೆಯ ದನಿಯಲ್ಲ ಅದು. ಹೋಗಿ ಸೋಫಾದ ತುದಿಗೆ ಕೂತಳು. ಚೀಲ ತೊಡೆಯ ಮೇಲೇ ಇತ್ತು. ಹಳ್ಳಿಯಿಂದ ಬಂದವರು ಚೀಲ ಕೆಳಗಿಡಲಿಲ್ಲ ಅಂದರೆ ಏನರ್ಥ ನಿಮಗೆ ಗೊತ್ತಲ್ಲ? ನಾನು ಚಹಾ ಕೊಟ್ಟೆ. ಕುಡಿದಳು. "ಸಂಜಿಗೆ ಬಸ್ ಎಷ್ಟೊತ್ತಿಗದ?" ಎಂದು ನನ್ನ ಗಂಡನನ್ನು ಕೇಳಿದಳು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು, ಅಕ್ಕನಿಗಾಗಿ ನಿದ್ದೆಗೆಟ್ಟು ಕೂತಿದ್ದ ಮನುಷ್ಯ ನನ್ನ ಮುಖ ನೋಡಿದರು.

ನನಗೆ ಅಳು ಬಂತು, ಸಿಟ್ಟೂ ಬಂತು. "ಇನ್ನೇನು ಮಾಡಬೇಕಿತ್ತು ಹೇಳಕ್ಕಾ?" ಎಂದು ಕೇಳಿಯೇ ಬಿಟ್ಟೆ.

"ನಮ್ಮನಿಗೆ ಯಾರರ ಬಂದ್ರ ಏನ್ ಮಾಡ್ತೀವಿ ಬೇ? ಜಮಖಾನ ತಗದು, ಝಾಡಿಸಿ, ಹಾಸಿ, ಬರ್ರಿ ಕುಂದರ್ರಿ ಅಂತೀವಿ. ಇದು ಮೊದ್ಲ ಬಿದ್ದದ. ನಾ ಬಂದ್ರೂ ಬಿದ್ದಿರ್ತದ, ಬರದಿದ್ರೂ ಬಿದ್ದಿರ್ತದ."

ಅಕ್ಕ ಹೇಳಿದ್ದು ನಿಜ. ಜಮಖಾನವೆಂದರೆ ಬಣ್ಣದ ಪಟ್ಟೆಯ ದಪ್ಪ ಬಟ್ಟೆ, ಅಷ್ಟೇ. ಊರ ಮನೆಯಲ್ಲಿ ಅದು ಮಡಚಿ ಪೆಟ್ಟಿಗೆಯ ಮೇಲಿರುತ್ತಿತ್ತು. ಯಾರಾದರೂ ಬಂದರೆ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹಾಸುತ್ತಿದ್ದಳು. ಅವರು ಎದ್ದು ಹೋದಮೇಲೆ ಮತ್ತೆ ಮಡಚಿ ಇಡುತ್ತಿದ್ದಳು. ಅದನ್ನು ಯಾರೂ ತುಳಿಯುತ್ತಿರಲಿಲ್ಲ.

"ರೀ, ಟೀಪಾಯಿ ಸರಿಸ್ರಿ" ಎಂದೆ.

ಇಬ್ಬರೂ ಸೇರಿ ಸೋಫಾ ಎತ್ತಿ, ಅದರ ಕಾಲಡಿಯಿಂದ ಕಾರ್ಪೆಟ್ ಎಳೆದೆವು. ಸುತ್ತಿ ಹೊರಗೊಯ್ದು ಕಾಂಪೌಂಡ್ ಗೋಡೆಗೆ ಹಾಕಿ ಕೋಲಿನಿಂದ ಬಡಿದೆವು. ಎದ್ದ ಧೂಳಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅಕ್ಕ ಬಾಗಿಲಿಗೆ ಬಂದು ನಿಂತಳು. "ಹಂಗಲ್ಲಲೇ, ಹಿಂದಿನ ಮಗ್ಗಲು ಬಡೀರಿ!" ಎಂದು ಒದರಿದಳು. ತಡೆಯಲಾಗಲಿಲ್ಲ. ತಾನೇ ಬಂದು ಒಂದು ತುದಿ ಹಿಡಿದು ಝಾಡಿಸಿದಳು. (ಆ "ಲೇ" ನನ್ನ ಗಂಡನಿಗೂ ಸೇರಿತ್ತು. ಅವರು ಈಗಲೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.)

ಒಳಗೆ ತಂದೆವು. ನಾನು ಮತ್ತೆ ಸೋಫಾದ ಮುಂದೆ ಹಾಸಲು ಹೋದೆ.

"ಅಲ್ಲಿ ಬ್ಯಾಡ, ಬಾಗಲ ಕಡಿ ಹಾಸು. ಗಾಳಿ ಬರ್ತದ."

ಹಾಸಿದೆ. ಅಂಗೈಯಿಂದ ಸುಕ್ಕು ತೀಡಿದೆ. "ಬಾ ಅಕ್ಕಾ, ಕುಂದ್ರು" ಎಂದೆ.

ಅಕ್ಕ ಕೂತಳು. ಗೋಡೆಗೆ ಒರಗಿದಳು. ಕಾಲು ಚಾಚಿದಳು. ಚೀಲ ಪಕ್ಕಕ್ಕಿಟ್ಟು, ಅದರಿಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತೆಗೆದಳು. ಅಲ್ಲಿಯವರೆಗೆ ಅದು ಚೀಲದಲ್ಲಿದೆ ಎಂದು ಬಾಯಿಬಿಟ್ಟಿರಲಿಲ್ಲ ನೋಡಿ!

ಅದೇ ಕಾರ್ಪೆಟ್. ಅದೇ ಹೂವು. ಕಾಲೊರೆಸಿದ ಗುರುತೂ ಹಾಗೇ ಇತ್ತು.

ಬಸ್ಸಿನ ಮಾತು ಮತ್ತೆ ಬರಲಿಲ್ಲ. ಸೋಮವಾರ ಹೋಗುತ್ತೇನೆಂದಳು, ಹೋಗಲಿಲ್ಲ. ಮಂಗಳವಾರ ಹೊರಡಬಾರದೆಂದು ನಾನು ಹಿಡಿದೆ. ಬುಧವಾರ ತಾನೇ ಮರೆತಳು. ಊಟ, ಚಹಾ, ಮಧ್ಯಾಹ್ನದ ನಿದ್ದೆ, ಊರವರ ಸುದ್ದಿ ಎಲ್ಲ ಬಾಗಿಲ ಕಡೆಯ ಆ ಕಾರ್ಪೆಟ್ ಮೇಲೆಯೇ. ಸೋಫಾ ಖಾಲಿ ಬಿದ್ದಿತ್ತು, ನನಗೇನೂ ಬೇಜಾರಾಗಲಿಲ್ಲ.

ಈಗ ನಮ್ಮ ಮನೆಗಳಲ್ಲಿ ಎಲ್ಲವೂ ಸದಾ ರೆಡಿ. ಸೋಫಾ ರೆಡಿ, ಫ್ರಿಜ್ಜಿನಲ್ಲಿ ನೀರು ರೆಡಿ, ಡಬ್ಬಿಯಲ್ಲಿ ಬಿಸ್ಕತ್ತು ರೆಡಿ. ಬಂದವರಿಗಾಗಿ ಕೂತಲ್ಲಿಂದ ಏಳುವ ಕೆಲಸವೇ ಇಲ್ಲ. ಅನುಕೂಲವೇನೋ ಹೌದು. ಆದರೆ ತಾವು ಬಂದದ್ದರಿಂದ ಈ ಮನೆಯಲ್ಲಿ ಏನಾದರೂ ಅಲುಗಾಡಿತು ಎಂದು ಬಂದವರಿಗೆ ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಯಾವ ಕಾರ್ಪೆಟ್ ತರಲಿ ಎಂದು ನೀವು ಕೇಳಿದರೆ, ಬಣ್ಣ ನಿಮ್ಮಿಷ್ಟ, ಡಿಸೈನ್ ನಿಮ್ಮಿಷ್ಟ ಅನ್ನುತ್ತೇನೆ. ಒಬ್ಬರೇ ಸುತ್ತಿ ಎತ್ತುವಷ್ಟು ಹಗುರವಿರಲಿ, ಸಾಕು. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಒಮ್ಮೆ ಕೂತು ನೋಡಿ.

ಹೊರಡುವ ದಿನ ಅಕ್ಕ ತಾನೇ ಕಾರ್ಪೆಟ್ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದಳು. "ಇಲ್ಲೇ ಇರಲಿ. ದೀಪಾವಳಿಗೆ ಬರ್ತೀನಿ, ಆವಾಗ ಹಾಸು" ಎಂದಳು. ಈ ಸಲ "ತಗೋ" ಎನ್ನಲಿಲ್ಲ.

ನಿಮ್ಮ ಮನೆಯಲ್ಲಿ, ಯಾರೋ ಬಂದರೆಂದು ಎದ್ದು ಏನನ್ನಾದರೂ ಹಾಸಿ ಎಷ್ಟು ದಿನವಾಯಿತು?