ಟೆಂಡರ್ ಕೋಣೆಯ ಮುಂದಿನ ಕುರ್ಚಿ

ಟೆಂಡರ್ ಕಾನೂನು ಹೊಸದಾಗಿ ಬಂದಿದ್ದ ದಿನಗಳವು. ರಾಜಾಜಿನಗರದ ನಮ್ಮ ಕಚೇರಿಯಲ್ಲಿ ಲಕೋಟೆಗಳನ್ನು ಎಲ್ಲರೆದುರು ಒಡೆದು ಓದುವುದು ನನ್ನ ಕೆಲಸ. ಶಾಲೆಗಳಿಗೆ ಬೆಂಚು ಮಾಡಿಕೊಡುವ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಕುರ್ಚಿಯಲ್ಲೇ ಕೂರುತ್ತಿದ್ದರು. ನನ್ನ ದನಿ ತಗ್ಗಿದಾಗಲೆಲ್ಲ, “ಜೋರಾಗಿ ಓದಿ ಸಾರ್, ಹಿಂದಿನೋರಿಗೂ ಕೇಳ್ಬೇಕು” ಅನ್ನುತ್ತಿದ್ದರು.

ಒಂದು ಸಲ ಅವರದೇ ಎಲ್ಲರಿಗಿಂತ ಕಡಿಮೆ ದರ. ಆದರೆ ದರಪಟ್ಟಿಗೆ ಸಹಿ ಹಾಕಲು ಮರೆತಿದ್ದರು. ಸಹಿಯಿಲ್ಲದಿದ್ದರೆ ಟೆಂಡರ್ ತಿರಸ್ಕೃತ. ನನಗೇ ಅಯ್ಯೋ ಅನ್ನಿಸಿ, ಮೆಲ್ಲಗೆ “ಸಹಿ ಇಲ್ಲ” ಎಂದೆ.

“ಜೋರಾಗಿ ಸಾರ್!”

ಗಟ್ಟಿಯಾಗಿ ಹೇಳಿದೆ. ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ, “ನಂದೇ ತಪ್ಪು ಬಿಡಿ, ಮುಂದಿಂದು ಓದಿ” ಎಂದು ನಕ್ಕರು.

ಮುಂದಿನ ಟೆಂಡರ್ ಅವರಿಗೇ ಸಿಕ್ಕಿತು. ಪ್ರತಿ ಹಾಳೆಗೂ, ಅದರ ಖಾಲಿ ಬೆನ್ನಿಗೂ ಸಹಿ ಹಾಕಿ ತಂದಿದ್ದರು.