ಹೊರಗಿನಿಂದ ಬೀಗ ಹಾಕಿದ ಹುಲ್ಲಿನ ತೋಟ

ಬೈಲಹೊಂಗಲದ ಒಂದು ಗಾರ್ಡನ್ ಕಂಪನಿಯಲ್ಲಿ ಗಿಡ, ಮಣ್ಣು, ಹುಲ್ಲು ಖರೀದಿ ಮಾಡುವ ಕೆಲಸ ನನ್ನದು. ಕಲ್ಯಾಣ ಮಂಟಪ, ಆಸ್ಪತ್ರೆ, ಹೊಸ ಮನೆಗಳ ಮುಂದೆ ನಾವು ಲಾನ್ ಹಾಕುತ್ತೇವೆ. ಹುಲ್ಲು ನೆಟ್ಟು ಅದು ಹಬ್ಬುವವರೆಗೆ ಕಾಯುವ ತಾಳ್ಮೆ ಈಗ ಯಾರಿಗೂ ಇಲ್ಲ. ಬೇರೆಲ್ಲೋ ಬೆಳೆಸಿದ ಹುಲ್ಲನ್ನು ಮಣ್ಣಿನ ಸಮೇತ ಕತ್ತರಿಸಿ, ಚಾಪೆಯಂತೆ ಸುತ್ತಿ, ಲಾರಿಯಲ್ಲಿ ತಂದು ಹಾಸುತ್ತೇವೆ. ಬೆಳಿಗ್ಗೆ ಬರೀ ನೆಲವಿದ್ದದ್ದು ಸಂಜೆಗೆ ಹಸಿರಾಗಿರುತ್ತದೆ.

ಕಿತ್ತೂರಿನ ಒಂದು ಕಲ್ಯಾಣ ಮಂಟಪಕ್ಕೆ ಹಾಸಿದ ಹುಲ್ಲು ವಾರದೊಳಗೆ ಹಳದಿಯಾಯಿತು. ಕತ್ತರಿಸುವಾಗ ಬೇರು ಉಳಿಸಿಲ್ಲವೆಂದು ನನಗೆ ಅನುಮಾನ. ಹುಲ್ಲು ಬರುತ್ತಿದ್ದ ತೋಟ ನವಿಲುತೀರ್ಥದ ಆಚೆ, ಕಾಲುವೆಯ ಪಕ್ಕದಲ್ಲಿತ್ತು. ಫೋನಿನಲ್ಲಿ ಹೇಳಿದರೆ ಲಾರಿ ಬರುತ್ತಿದ್ದುದರಿಂದ ನಮ್ಮ ಕಂಪನಿಯವರು ಯಾರೂ ಅಲ್ಲಿಗೆ ಹೋಗಿದ್ದೇ ಇಲ್ಲ. ಕಂಪನಿಯ ಗಾಡಿ ತೆಗೆದುಕೊಂಡು ನಾನೇ ಹೋದೆ.

ಸುತ್ತ ತಂತಿಬೇಲಿ, ಮುಂದೆ ಕಬ್ಬಿಣದ ಗೇಟು. ಕಾವಲಿನವನು ಬೀಗ ತೆಗೆದು ನನ್ನ ಗಾಡಿ ಒಳಗೆ ಬಿಟ್ಟ. ಮತ್ತೆ ಹೊರಗಿನಿಂದಲೇ ಬೀಗ ಜಡಿದ.

"ಕೀಲಿ ಯಾಕ್ರಿ?" ಎಂದೆ.

"ದನಾ ಬರ್ತಾವ್ರಿ," ಎಂದ.

ದನಗಳಿಗೆ ಚಿಲಕ ಸಾಕಿತ್ತು.

ಒಳಗೆ ಗಂಡಸರು ಹುಲ್ಲು ಕತ್ತರಿಸುತ್ತಿದ್ದರು, ಹೆಂಗಸರು ಕುಕ್ಕರಗಾಲಲ್ಲಿ ಕೂತು ಸುತ್ತುತ್ತಿದ್ದರು. ನಾನು ಬೇರು ನೋಡಲು ಬಗ್ಗಿದಾಗ ಪಕ್ಕದಲ್ಲಿದ್ದ ಹೆಣ್ಣುಮಗಳು ತಲೆ ಎತ್ತದೆಯೇ ಮೆಲ್ಲಗೆ ಕೇಳಿದಳು.

"ಅಕ್ಕಾರ, ನಿಮ್ಮ ಫೋನ್ ಸ್ವಲ್ಪ ಕೊಡ್ತೀರೇನ್ರಿ?"

"ನಿಂದು ಎಲ್ಲೈತಿ?"

"ಮುಕಾದಮರು ಇಸ್ಕೊಂಡಾರ್ರಿ. ಎಲ್ಲಾರ ಫೋನೂ ಅವರ ಕಡೇನ ಅದಾವ. ಆಧಾರ್ ಕಾರ್ಡೂ."

"ಯಾಕ?"

"ಓಡಿ ಹೋಗ್ತೇವಿ ಅಂತ್ರಿ."

ಅವಳೂ ಅವಳ ಗಂಡನೂ ಕಟಕೋಳದ ಕಡೆಯವರು. ಬಂದಾಗಿನಿಂದ ಒಂದು ಸಲವೂ ಗೇಟು ದಾಟಿರಲಿಲ್ಲ. ಸಂತೆಗೂ ಬಿಡುತ್ತಿರಲಿಲ್ಲ, ಹಿಟ್ಟು ಎಣ್ಣೆ ಎಲ್ಲವನ್ನೂ ಅವರನ್ನು ಕೆಲಸಕ್ಕೆ ಕರೆತಂದ ಮುಕಾದಮನೇ ತಂದು ಹಾಕುತ್ತಿದ್ದ. ಪಗಾರ ಹಂಗಾಮು ಮುಗಿದ ಮೇಲೆ ಒಮ್ಮೆಲೇ ಎಂದಿದ್ದ. ಊರ ಕಡೆಯ ಲಾರಿ ಡ್ರೈವರ್ ಒಬ್ಬ ಬಂದಾಗ, ಅವಳ ತಾಯಿಗೆ ಲಕ್ವಾ ಹೊಡೆದು ರಾಮದುರ್ಗದ ಆಸ್ಪತ್ರೆಗೆ ಹಾಕಿದ್ದಾರೆಂದು ಹೇಳಿ ಹೋಗಿದ್ದ. ರಜೆ ಕೇಳಿದರೆ ಮುಕಾದಮ, ಲೋಡ್ ಮುಗೀಲಿ, ಆಮೇಲೆ ನೋಡೋಣ ಎಂದನಂತೆ. ಆ ಲೋಡು ನಮ್ಮದು, ಕಿತ್ತೂರಿನ ಆ ಮಂಟಪಕ್ಕೆ ಹಳದಿಯಾದ ಹುಲ್ಲಿನ ಬದಲಿಗೆ ಹೋಗಬೇಕಾದದ್ದು.

ನಾನು ಫೋನ್ ಕೊಟ್ಟೆ. ಅವಳು ಅಣ್ಣನ ನಂಬರನ್ನು ನೆನಪಿನಿಂದಲೇ ಒತ್ತಿದಳು.

"ಮಾತಾಡ್ತಾಳೇನು?" ಎಂದಳು. ಅಣ್ಣ ಹೇಳಿದ್ದು ಕೇಳಿ, "ನನ್ನ ಕೇಳಿದ್ಲೇನು?"

ಆಮೇಲೆ ಫೋನಿಗೆ ಹತ್ತಿದ ಕೆಸರನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, ಮತ್ತೆ ಹುಲ್ಲು ಸುತ್ತಲು ಬಗ್ಗಿದಳು. ಅಳಲಿಲ್ಲ. ಅವಳು ಹಾಗೆ ಬಗ್ಗಿದ್ದು ನೋಡಿ ನನ್ನ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮುಕಾದಮ ಬಂದ. ಇಸ್ತ್ರಿ ಮಾಡಿದ ಅಂಗಿ, ನಗುಮುಖ. "ಬರ್ರಿ ಮೇಡಂ, ನೆಳ್ಳಾಗ ಕುಂದರ್ರಿ. ಚಾ ತರಸ್ತೇನಿ."

"ಇವರ ಕಾರ್ಡು, ಫೋನು ನಿಮ್ಮ ಕಡೆ ಯಾಕ ಅದಾವ್ರಿ?"

"ಜೋಪಾನ ಇಟ್ಟೇನ್ರಿ. ಅವರ ಕಡೆ ಇದ್ರ ಕಳ್ಕೋತಾರ."

ಜೋಪಾನ. ಆ ಪದ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

"ಈಕಿ ಅವ್ವ ದವಾಖಾನ್ಯಾಗ ಅದಾಳ. ನಾ ಕರ್ಕೊಂಡ ಹೋಗ್ತೇನಿ. ಗೇಟ್ ತಗಸ್ರಿ."

ಅವನು ನಗುತ್ತಲೇ ನಮ್ಮ ಮಾಲಕರಿಗೆ ಫೋನ್ ಹಚ್ಚಿ, ವಿಷಯ ಹೇಳಿ, ನನ್ನ ಕೈಗೆ ಕೊಟ್ಟ. ಮಾಲಕರು ಕೆಟ್ಟವರಲ್ಲ. ನನ್ನ ಮಗಳ ಆಪರೇಷನ್ ಆದಾಗ ಇಡೀ ರಾತ್ರಿ ಆಸ್ಪತ್ರೆಯಲ್ಲಿ ಕೂತವರು. ಅಂಥವರು ಹೇಳಿದರು: "ನಮಗ್ಯಾಕ ಬೇಕು ಈ ಉಸಾಬರಿ? ನಾವು ಹುಲ್ಲು ತಗೊಂಡೇವಿ, ಮಂದೀನ ತಗೊಂಡಿಲ್ಲ."

"ಹಂಗಂದ್ರ ನಾ ಇಲ್ಲಿಂದ ಪೊಲೀಸರಿಗೆ ಫೋನ್ ಮಾಡ್ತೇನ್ರಿ. ಹುಲ್ಲು ಯಾರಿಗೆ ಹೊಂಟೈತಿ ಅಂತ ಅವರು ಕೇಳಿದ್ರ ನಿಮ್ಮ ಹೆಸರ ಹೇಳ್ತೇನಿ," ಎಂದು ಇಟ್ಟುಬಿಟ್ಟೆ.

ಮುಕಾದಮನ ನಗು ನಿಂತಿತು. ಗೇಟು ತೆಗೆಸಿದ, ಆದರೆ "ಈಕಿ ಅಷ್ಟ ಹೋಗ್ಲಿ, ಗಂಡ ಇಲ್ಲೇ ಇರ್ಲಿ," ಎಂದ. ಅವಳು ತಿರುಗಿ ಬರಲಿ ಎಂದು ಗಂಡನನ್ನು ಒತ್ತೆ ಇಟ್ಟುಕೊಂಡಿದ್ದ. ಗಂಡ ದೂರದಿಂದಲೇ ಹೋಗು ಎಂದು ಕೈಮಾಡಿದ.

ಅವಳನ್ನು ಗಾಡಿಯಲ್ಲಿ ರಾಮದುರ್ಗಕ್ಕೆ ಕರೆದೊಯ್ದೆ. ಆಸ್ಪತ್ರೆಯಲ್ಲಿ ತಾಯಿ ಒಂದು ಬದಿ ಸೊಟ್ಟಗಾದ ಬಾಯಿಂದ, "ಎಲ್ಲಿದ್ದಿ?" ಎಂದು ಕೇಳಿದಳು.

"ಕೆಲಸ ಭಾಳ ಇತ್ತಬೇ," ಎಂದಳು ಮಗಳು.

ನಾನು ಹೊರಗೆ ಬಂದು ಕಾರ್ಮಿಕ ಅಧಿಕಾರಿಗೆ ಫೋನ್ ಮಾಡಿದೆ. ಮರುದಿನ ಅವರು ಪೊಲೀಸರೊಂದಿಗೆ ತೋಟಕ್ಕೆ ಹೋಗಿ ಗೇಟು ತೆಗೆಸಿದರು. ಅವಳ ಗಂಡ, ಉಳಿದವರು ಎಲ್ಲರೂ ಹೊರಗೆ ಬಂದರು. ಪಗಾರದ ಕೇಸು ಇನ್ನೂ ನಡೆದಿದೆ.

ಈ ಸುದ್ದಿ ಹೇಳಿದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಹೊಡೀತಿದ್ರೇನು, ಹಗ್ಗದಿಂದ ಕಟ್ಟಿದ್ರೇನು? ನನ್ನ ಸ್ವಂತ ತಮ್ಮನೂ ಅದನ್ನೇ ಕೇಳಿದ. ಇಲ್ಲ ಎಂದೆ. "ಮತ್ತೇನ್ ಬಿಡು," ಎಂದ. ಅವತ್ತು ಅವನ ಮನೆಯಲ್ಲಿ ನಾನು ಊಟ ಮಾಡದೆ ಎದ್ದು ಬಂದೆ. ತಾಯಿ ಸಾಯಲು ಬಿದ್ದಾಗಲೂ ಹೋಗಲಾಗದ ಮನುಷ್ಯನಿಗೆ ಇನ್ನು ಹಗ್ಗ ಯಾಕೆ ಬೇಕು?

ಮಂಟಪದವರಿಗೆ ವಿಷಯ ತಿಳಿದು, ತಮ್ಮ ಹೆಸರು ಕೆಡುತ್ತದೆಂದು ನಮ್ಮ ಮಾಲಕರನ್ನು ಕರೆದು ಬೈದರು. ಆಗ ಮಾಲಕರಿಗೆ ಬುದ್ಧಿ ಬಂತು. ಆಫೀಸಿನ ಗೋಡೆಗೆ "ನಮ್ಮಲ್ಲಿ ಬಲವಂತದ ದುಡಿಮೆ ಇಲ್ಲ" ಎಂದು ಬೋರ್ಡು ಹಾಕಿಸಿದರು.

"ಬೋರ್ಡ್ ಏನ್ ಮಾಡ್ತೈತ್ರಿ?" ಎಂದೆ. "ಎಲ್ಲಿಂದ ತಗೊಂತೇವಿ, ಅಲ್ಲಿಗೆ ಮೊದಲ ನಾ ಹೋಗ್ತೇನಿ. ಕೆಲಸದವರ ಕೂಡ ನಾ ಒಬ್ಬಾಕೀನ ಮಾತಾಡ್ತೇನಿ. ಅವರ ಕಾರ್ಡು ಅವರ ಕಡೆ ಇರಬೇಕು, ಪಗಾರ ತಿಂಗಳಾ ತಿಂಗಳಾ ಆಗಬೇಕು. ಇಲ್ಲಾಂದ್ರ ನನ್ನ ಬದಲಿ ಬೇರೆಯವರನ್ನ ನೋಡ್ಕೋರಿ."

ಒಪ್ಪಿದರು. ಹಾಗೆ ನೋಡುತ್ತ ಸಿರಸಂಗಿಯ ಒಂದು ಸಣ್ಣ ನರ್ಸರಿಗೆ ಹೋದಾಗ ಅಲ್ಲಿ ಕೆಲಸ ಮಾಡುವ ಹೆಂಗಸು ನನ್ನ ಪ್ರಶ್ನೆಗೆ ನಕ್ಕುಬಿಟ್ಟಳು. "ನನ್ನ ಕಾರ್ಡ್ ನನ್ನ ಕಡೇನ ಇರ್ತೈತಿ. ಮತ್ಯಾರ ಕಡೆ ಇರ್ತೈತ್ರಿ?" ಈಗ ಹುಲ್ಲು, ಗಿಡ ಅಲ್ಲಿಂದಲೇ ತರುತ್ತೇವೆ. ರೇಟು ಸ್ವಲ್ಪ ಹೆಚ್ಚು.

ಹೋದ ತಿಂಗಳು ಸವದತ್ತಿಯಲ್ಲಿ ಹೊಸ ಮನೆ ಕಟ್ಟಿಸಿದವರೊಬ್ಬರು ನಮ್ಮ ರೇಟು ಕೇಳಿ ಮುಖ ಗಂಟಿಕ್ಕಿದರು. ಕಾಲುವೆ ಪಕ್ಕದ ತೋಟ ಮತ್ತೆ ಶುರುವಾಗಿದೆಯಂತೆ, ಬೇರೆಯವರ ಹೆಸರಿನಲ್ಲಿ. ಅಲ್ಲಿ ಅಗ್ಗ.

"ಅದು ಹೆಂಗ ಅಗ್ಗ ಆಗ್ತೈತಿ ಅಂತ ಕೇಳೀರೇನ್ರಿ?" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಮರುಗಿ, ಚಹಾ ಕೊಟ್ಟು ಕಳಿಸಿದರು.

ಹುಲ್ಲು ಮಾತ್ರ ಆ ತೋಟದಿಂದಲೇ ತರಿಸಿದರು. ಅದು ತಿಳಿದ ಮರುದಿನವೇ ನಾನು ಕಾರ್ಮಿಕ ಅಧಿಕಾರಿಗೆ ಮತ್ತೆ ಫೋನ್ ಮಾಡಿದೆ.