ಕುಂಕುಮಕ್ಕೆ ಕರೆದರು

ಅವರೆಕಾಯಿ ಸುಲಿಯುತ್ತಾ ಟಿವಿ ನೋಡಬಾರದು. ಕೈಗೆ ಸೊಗಡು ಹತ್ತುತ್ತದೆ, ತಲೆಗೆ ಟಿವಿಯವರ ಜಗಳ ಹತ್ತುತ್ತದೆ, ಕೊನೆಗೆ ಕಾಳು ಹೋಗಿ ಸಿಪ್ಪೆಯ ಬುಟ್ಟಿಗೆ ಬೀಳುತ್ತದೆ. ಮೊನ್ನೆ ನನಗೆ ಆಗಿದ್ದೂ ಅದೇ. ಬಡವರ ಆರೋಗ್ಯ ವಿಮೆಯ ಕಂತನ್ನು ಸರ್ಕಾರ ಕಟ್ಟಬೇಕೋ ಬೇಡವೋ ಅಂತ ಇಬ್ಬರು ಮುಖಂಡರು ಕಚ್ಚಾಡುತ್ತಿದ್ದರು. ಒಬ್ಬರು ಮೇಜು ಕುಟ್ಟಿ, "ಬೊಕ್ಕಸ ಬರಿದಾಗುತ್ತೆ" ಅಂದರು. ಎಲಾ ಇವನ, ಈ ಮಾತನ್ನು ಹಿಂದೆ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದೆ. ಎಪ್ಪತ್ತರ ಆಸುಪಾಸಿನಲ್ಲಿ, ನಮ್ಮೂರು, ದೇವನಹಳ್ಳಿ ಪಕ್ಕದ ವಿಜಯಪುರದ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ.

ಆಗ ನನಗೆ ಇಪ್ಪತ್ತು ದಾಟಿತ್ತು, ಅಷ್ಟೆ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಹಾವು ಕಚ್ಚಿ ಹೋಗಿಬಿಟ್ಟಿದ್ದ. ಇವಳನ್ನು ತವರಿಗೆ ಕಳಿಸಿ ಅಂತ ನೆಂಟರೆಲ್ಲ ಹೇಳಿದರು. ಕಳಿಸದೆ ಇಟ್ಟುಕೊಂಡವಳು ನನ್ನ ಓರಗಿತ್ತಿ ಜಯಮ್ಮ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. "ಕೂತ್ಕೊಂಡು ಅಳೋದಾದ್ರೆ ದುಡ್ಕೊಂಡು ಅಳೇ" ಅಂತ ಬೈದು, ತಾನು ಕೆಲಸ ಮಾಡುತ್ತಿದ್ದ ರೇಷ್ಮೆ ಹುರಿ ಕಾರ್ಖಾನೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಬೈಗುಳದಲ್ಲೇ ಪ್ರೀತಿ ಮಾಡುವ ಜಾತಿ ಅವಳದು. ನನ್ನದೂ ಅಂಥದೇ ಬಾಯಿ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಹುರಿ ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಹೆಂಚಿನ ಉದ್ದ ಕೋಣೆ. ಗಂಡಸರು ಮೆಷಿನ್ನಿನಲ್ಲಿ ನೂಲನ್ನು ಹುರಿ ಮಾಡುವರು, ಹೆಂಗಸರು ನೂಲಿನ ಲಡಿ ಬಿಚ್ಚಿ ಬಾಬಿನ್ನಿಗೆ ಸುತ್ತುವರು. ಗಾಳಿ ಬಂದರೆ ಎಳೆ ಒಣಗಿ ಕಿತ್ತುಹೋಗುತ್ತದೆ ಅಂತ ಕಿಟಕಿ ತೆಗೆಯುತ್ತಿರಲಿಲ್ಲ. ನೆಲಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದರು. ರೇಷ್ಮೆ ಚೆನ್ನಾಗಿರುತ್ತಿತ್ತು. ನಾವು ಕೆಮ್ಮುತ್ತಿದ್ದೆವು.

ಕಾರ್ಖಾನೆಯ ಆಳುಗಳಿಗೆ ವಿಮೆ ಬರುತ್ತದಂತೆ ಅನ್ನುವ ಸುದ್ದಿ ಊರಿಗೆ ಬಂದದ್ದು ಆಗ. ಯಜಮಾನ ಒಂದು ಪಾಲು, ಆಳು ಒಂದು ಪಾಲು, ಸರ್ಕಾರ ಒಂದು ಪಾಲು ಹಾಕುವುದು. ಕಾಯಿಲೆ ಬಿದ್ದರೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಂಚ, ಔಷಧಿ ಎಲ್ಲ ಪುಕ್ಕಟೆ. ಹತ್ತಿರದಲ್ಲೇ ಎಲೆಕ್ಷನ್ನೂ ಇತ್ತು ನೋಡಿ, ಊರು ಎರಡು ಪಾಲಾಯಿತು. ಕಾರ್ಖಾನೆ ಸಾಹುಕಾರರ ಕಡೆಯವರು ಮೈಕಿನಲ್ಲಿ, "ಸರ್ಕಾರದ ಬೊಕ್ಕಸ ಇರೋದು ಕೆರೆ ಕಟ್ಟೋಕೆ, ಕೆಮ್ಮಿದೋರಿಗೆಲ್ಲ ಹಾಸ್ಗೆ ಹಾಸೋಕಲ್ಲ! ನಿಮ್ ಕೂಲೀನೂ ಕತ್ತರಿಸ್ತಾರೆ ಕಣ್ರಪ್ಪಾ!" ಅಂತ ಕೂಗಿದರು. ಸಂಘದವರು ಕೆಂಪು ಬಾವುಟ ಹಿಡಿದು ಎದುರುಗಡೆ ಕೂಗಿದರು. ಅವರ ಜೊತೆ ಗಂಟಲು ಹರಿದುಕೊಂಡವರಲ್ಲಿ ನಮ್ಮ ಭಾವನೂ ಒಬ್ಬರು. ಭಾವ ದರ್ಜಿ, ಬಸ್‌ಸ್ಟ್ಯಾಂಡಿನ ಜಗುಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ದರ್ಜಿಗೆ ಯಾವ ವಿಮೆಯೂ ಇಲ್ಲ. "ನಿನ್ ಹೆಸರು ವಿಮೆಗೆ ಹತ್ತಿದ್ರೆ ನಂಗೂ ಮಕ್ಳಿಗೂ ಎಲ್ಲಾ ಆಯ್ತು ಕಣೇ" ಎಂದು ಅಕ್ಕನಿಗೆ ದಿನಾ ಹೇಳುತ್ತಿದ್ದರು.

ಕೊನೆಗೆ ಕಾನೂನು ಬಂತು. ಸಾಹುಕಾರರಿಗೆ ಅದನ್ನು ತಡೆಯಲಾಗಲಿಲ್ಲ. ಆದರೆ ಆಳುಗಳ ತಲೆ ಕಡಿಮೆ ತೋರಿಸಿದರೆ ತಾವು ಕಟ್ಟುವುದೂ ಕಡಿಮೆ ತಾನೆ? ತಪಾಸಣೆಗೆ ಬರುವ ಸಾಹೇಬರು ಕೋಣೆಯಲ್ಲಿ ಯಾರನ್ನು ಕಾಣುತ್ತಾರೋ ಅವರ ಹೆಸರಷ್ಟೇ ವಿಮೆಯ ಪಟ್ಟಿಗೆ ಹತ್ತುತ್ತಿತ್ತು. ಅವರ ಜೀಪು ದೇವನಹಳ್ಳಿ ಬಿಡುವ ಹೊತ್ತಿಗೇ ಇಲ್ಲಿಗೆ ಸುದ್ದಿ. ತಕ್ಷಣ ಮೇಸ್ತ್ರಿ ಬಾಗಿಲಲ್ಲಿ ನಿಂತು, "ಸಾಹುಕಾರ್ರಮ್ಮ ಕುಂಕುಮಕ್ಕೆ ಕರೀತಾವ್ರೆ, ಎದ್ದು ಬನ್ರಮ್ಮಾ" ಅನ್ನುತ್ತಿದ್ದ. ಹೆಂಗಸರು ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಹಿತ್ತಲ ಬಾಗಿಲಿನಿಂದ ಸಾಹುಕಾರರ ದೊಡ್ಡಮನೆಗೆ ಹೋಗಿ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಅರಿಶಿನ, ಕುಂಕುಮ, ಎಲೆ ಅಡಿಕೆ, ಒಂದೊಂದು ಬಾಳೆಹಣ್ಣು. ಸಾಹೇಬರು ಮನೆಯೊಳಗೆ ಇಣುಕಿದರೂ ಕಾಣುವುದು ನೆಂಟರು, ಆಳುಗಳಲ್ಲ.

ನಮ್ಮಂಥ ಗಂಡ ಸತ್ತವರನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಕುಂಕುಮದ ಮನೆಗೆ ನಾವು ಕಾಲಿಡುವುದುಂಟೆ? ನಾನು, ಇನ್ನೊಂದಿಬ್ಬರು ವಿಧವೆಯರು ಬಾಬಿನ್ ಮುಂದೆಯೇ ಉಳಿಯುತ್ತಿದ್ದೆವು. ಸಾಹೇಬರು ಬಂದು ನಮ್ಮ ಹೆಸರು ಕೇಳಿ ಬರೆದುಕೊಂಡು ಹೋಗುತ್ತಿದ್ದರು. ನನಗೋ ಹೊಟ್ಟೆಯಲ್ಲಿ ಬೆಂಕಿ. ಅಕ್ಕ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಬಾಳೆಹಣ್ಣನ್ನು ಮುರಿದು ಅರ್ಧ ನನ್ನ ಬಾಯಿಗೆ ತುರುಕಿ, "ಮೂತಿ ಯಾಕೇ ಹಂಗೆ?" ಅನ್ನುತ್ತಿದ್ದಳು. ಸಂಘದ ಮಾತು ಭಾವನ ತಲೆಗೆ ಹೋಗಿತ್ತು, ನನ್ನ ತಲೆಗೆ ಹೋಗಿದ್ದು ಆ ಚಾಪೆ ಒಂದೇ. ಎಂಥ ಬುದ್ಧಿ ನೋಡಿ ನನ್ನದು!

ಮೊದಲು ಅಕ್ಕನ ಕೆಮ್ಮು ಜೋರಾಯಿತು. ಸಂಜೆ ಸಂಜೆ ಜ್ವರ. ಸಾಹೇಬರು ಮತ್ತೆ ಬರುತ್ತಾರಂತೆ ಅಂತ ಗೊತ್ತಾದ ದಿನ ಭಾವ ಊಟ ಬಿಟ್ಟು ಅವಳೆದುರು ಕೂತರು.

"ನಾಳೆ ಒಂದಿನ ಹೋಗ್ಬೇಡ ಕಣೇ. ಬಾಬಿನ್ ಮುಂದೇನೇ ಕೂತಿರು. ಹೆಸರು ಕೇಳಿದ್ರೆ ಜಯಮ್ಮ ಅನ್ನು. ಅಷ್ಟೇ ನಾನ್ ಕೇಳೋದು."

"ಕುಂಕುಮಕ್ಕೆ ಕರೆದ್ರೆ ಒಲ್ಲೆ ಅನ್ನೋದಾ? ಬಿಡ್ತು ಅನ್ನಿ!"

"ಅದು ಕುಂಕುಮ ಅಲ್ಲ, ಮೋಸ."

"ಮೋಸ ಅವರ್ದು. ಕುಂಕುಮ ಕುಂಕುಮಾನೇ." ಆಮೇಲೆ ನನ್ನ ಕಡೆ ಕಣ್ಣು ಹೊರಳಿಸಿ, ತಕ್ಷಣ ತೆಗೆದು, ದನಿ ತಗ್ಗಿಸಿದಳು. "ಮೈದುನ ಹೋದ ಮೇಲೆ ನಂಗೆ ದಿಗಿಲು ಕಣ್ರೀ. ನನ್ ಕೆಮ್ಮು ಹೆಂಗೋ ಹೋಗುತ್ತೆ. ನಿಮಗೇನಾದ್ರೂ ಆದ್ರೆ?"

ಭಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಮಾರನೆಯ ದಿನ ಮೇಸ್ತ್ರಿ ಕರೆದ. ಅಕ್ಕ ಹೋದಳು.

ಆ ಚಳಿಗಾಲದಲ್ಲಿ ನನಗೂ ಅದೇ ಕೆಮ್ಮು ಬಂತು. ಒಂದೇ ಕೋಣೆ, ಒಂದೇ ತಟ್ಟೆ, ಬಾರದೆ ಇರುತ್ತದೆಯೆ? ನನಗೆ ಬೆಂಗಳೂರಿನಲ್ಲಿ ಮಂಚ ಸಿಕ್ಕಿತು. ಬಿಳಿ ಹೊದಿಕೆ, ಹಾಲು, ಹೊತ್ತು ಹೊತ್ತಿಗೆ ಸೂಜಿ. ಭಾವ ಅಲ್ಲಿನ ಡಾಕ್ಟರ ಮುಂದೆ ಕೈಮುಗಿದು ನಿಂತು, "ಇವಳ ಅಕ್ಕಾನೂ ಸೇರಿಸ್ಕೊಳ್ಳಿ ಸ್ವಾಮಿ" ಅಂದರು. ಗಂಡ ಮಕ್ಕಳಾದರೆ ಸರಿ, ಓರಗಿತ್ತಿಗೆ ಆಗುವುದಿಲ್ಲ ಅಂದರು ಅವರು. ಅವರದೂ ತಪ್ಪಿಲ್ಲ, ಕಾನೂನು ಹಾಗಿತ್ತು. ಭಾವ ಸಂಘದವರ ಹತ್ತಿರ ಓಡಿದರು. ಮತ್ತೆ ಎಲೆಕ್ಷನ್ ಬಂದಿದೆ, ಮುಗಿಯಲಿ ಅಂದರು ಅವರು. ಮುಗಿಯಿತು. ಗೆದ್ದವರು ಸೋತವರು ಇಬ್ಬರೂ ಬೆಂಗಳೂರು ಸೇರಿಕೊಂಡರು. ಅಕ್ಕ ಊರಿನ ಧರ್ಮಾಸ್ಪತ್ರೆಯ ಕೆಂಪು ಔಷಧಿ ಕುಡಿಯುತ್ತಾ ಮಲಗಿದ್ದಳು. ಇನ್ನೊಂದು ಮಾತು ನಮಗೆ ತಡವಾಗಿ ತಿಳಿಯಿತು: ಅವಳಷ್ಟು ಕಡಿಮೆ ಕೂಲಿಯವರಿಂದ ವಿಮೆಗೆ ಅಂತ ಒಂದು ಪೈಸೆಯನ್ನೂ ಹಿಡಿಯುವಂತಿರಲಿಲ್ಲವಂತೆ. ಇದನ್ನು ಮಾತ್ರ ಯಾವ ಮೈಕಿನಲ್ಲೂ ಯಾರೂ ಹೇಳಿರಲಿಲ್ಲ.

ಅವಳು ಹೋದ ದಿನ ನನ್ನನ್ನು ಆಸ್ಪತ್ರೆಯಿಂದ ಕರೆತಂದರು. ಅಂಗಳದ ತುಂಬ ಜನ. ಮುತ್ತೈದೆ ಸಾವು, ಪುಣ್ಯವಂತೆ ಅನ್ನುತ್ತಿದ್ದರು. ಸಾಹುಕಾರರ ಹೆಂಡತಿ ಹಸಿರು ಸೀರೆ ತಂದು ಹೊದಿಸಿದರು. ನಾನು ಹತ್ತಿರ ಹೋದರೆ ಯಾರೋ ರಟ್ಟೆ ಹಿಡಿದು, "ನೀನು ಹಿಂದೆ ನಿಂತ್ಕೊಳ್ಳಮ್ಮ" ಅಂದರು. ಸಾಹುಕಾರರ ಹೆಂಡತಿ ಬಗ್ಗಿ ಅಕ್ಕನ ಹಣೆಗೆ ಕುಂಕುಮ ಇಡುವಾಗ ಭಾವ ತಲೆ ಎತ್ತಿದರು.

"ಇವತ್ತು ಯಾವ ಸಾಹೇಬ್ರು ಬಂದವ್ರೆ ತಾಯೀ?"

ಆಕೆ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು, ಕುಂಕುಮ ಸೀರೆಯ ಮೇಲೆ ಚೆಲ್ಲಿತು.

ಭಾವ ತೊಂಬತ್ತು ಮುಟ್ಟಿದರು. ಹಬ್ಬದಲ್ಲಿ ಯಾರಾದರೂ ಕಾಲಿಗೆ ಬಿದ್ದು "ಎಂಥಾ ಆಯಸ್ಸು ತಾತಾ ನಿಂದು" ಅಂದರೆ ಸಿಡುಕಿ ಎದ್ದುಹೋಗುತ್ತಿದ್ದರು. ಅವರು ಹೋಗಿ ಕೆಲವು ವರ್ಷವಾಯಿತು. ನಾನು ಅಕ್ಕನ ಮಗಳ ಮನೆಯಲ್ಲಿ ಇದ್ದೇನೆ. ಸಾಯಬೇಕಾದ ನಾನು ಅವಳ ಮಕ್ಕಳನ್ನು ಸಾಕಿದೆ, ಮೊಮ್ಮಕ್ಕಳನ್ನು ಎತ್ತಿದೆ. ನೆನೆದರೆ ಸಂಕಟವಾಗುತ್ತದೆ.

ಟಿವಿ ಆರಿಸಿದ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಂದಳು. ಒಳ್ಳೆಯ ಹುಡುಗಿ. "ಅಜ್ಜೀ, ಸಂಕ್ರಾಂತಿ ದಿನ ಅರಿಶಿನ ಕುಂಕುಮಕ್ಕೆ ನೀವೂ ಬರ್ಬೇಕು. ನಾವು ಹಳೇದೆಲ್ಲ ನೋಡಲ್ಲ" ಅಂದಳು. ಆಗ ಈ ಮಾತನ್ನು ಒಬ್ಬರು ಅಂದಿದ್ದರೆ ನಾನು ಓಡಿಹೋಗಿ ಮೊದಲನೇ ಸಾಲಿನಲ್ಲಿ ಕೂರುತ್ತಿದ್ದೆ. ಅವಳ ಕೆನ್ನೆ ಸವರಿದೆ.

"ಒಲ್ಲೆ ಕಣಮ್ಮಾ" ಅಂದೆ. ಅವಳಿಗೆ ಬೇಜಾರಾಯಿತೇನೋ. ಆದರೆ ಆ ಒಂದು ಮಾತನ್ನು ನಮ್ಮ ಮನೆಯ ಹೆಂಗಸೊಬ್ಬಳು ಯಾವತ್ತಾದರೂ ಹೇಳಲೇಬೇಕಿತ್ತು.